ಡ್ರಾಯಿಂಗ್ ಪುಸ್ತಕ ಹರಿಯುವ ಮುನ್ನ

ತುರುವೇಕೆರೆ ಕಡೆಯ ಹಳ್ಳಿಯೊಂದರಲ್ಲಿ ಹತ್ತನೇ ತರಗತಿಯ ಹುಡುಗಿಯೊಬ್ಬಳು ತನ್ನ ಡ್ರಾಯಿಂಗ್ ಪುಸ್ತಕವನ್ನು ತಾನೇ ಹರಿದು ಒಲೆಗೆ ಹಾಕಿದಳು. ಮನೆಯಲ್ಲಿ ಯಾರೂ ಬೈದಿರಲಿಲ್ಲ. ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಯನ್ನೂ ಅವಳು ಪಾಸು ಮಾಡಿದ್ದಳು. ತಾಯಿ ಕೇಳಿದ್ದಕ್ಕೆ, "ನನಗೆ ಬರೋದಿಲ್ಲ ಅಮ್ಮಿ. ಮೊಬೈಲಿನಲ್ಲಿ ನನ್ನ ವಯಸ್ಸಿನವರು ಎಷ್ಟು ಚೆನ್ನಾಗಿ ಬಿಡಿಸ್ತಾರೆ ನೋಡು" ಎಂದಳಂತೆ. ತಾಯಿ ನನ್ನಲ್ಲಿ ಕೇಳಿದ್ದು ಇಷ್ಟೇ: "ಎಸ್ಸೆಸ್ಸೆಲ್ಸಿ ವರ್ಷ. ಬಿಟ್ಟದ್ದು ಒಳ್ಳೆಯದೇ ಆಯಿತಲ್ಲವೇ ಹಜರತ್?"

ಒಳ್ಳೆಯದಾಗಲಿಲ್ಲ. ತಾನು ಅತ್ಯಂತ ಪ್ರೀತಿಸಿದ ಕೆಲಸದಲ್ಲೇ 'ನನ್ನಿಂದಾಗದು' ಎಂದು ತೀರ್ಮಾನಿಸಿದ ಮಗು, ನಾಳೆ ಅದೇ ಮಾತನ್ನು ಗಣಿತಕ್ಕೂ ಹೇಳುತ್ತದೆ, ಬದುಕಿಗೂ ಹೇಳುತ್ತದೆ.

ಈ ವಯಸ್ಸಿನ ಸಂಕಟವನ್ನು ನಾವು ಅರ್ಥ ಮಾಡಿಕೊಳ್ಳಬೇಕು. ಆರು ವರ್ಷದ ಮಗು ಎರಡು ಗೆರೆ ಎಳೆದು ತೆಂಗಿನ ಮರವೆಂದು ಹೆಮ್ಮೆಯಿಂದ ತೋರಿಸುತ್ತದೆ. ಹದಿನೈದರ ಹುಡುಗಿಗೆ ಗರಿ ಹೇಗೆ ಬಾಗಿದೆ, ನೆರಳು ಎಲ್ಲಿ ಬಿದ್ದಿದೆ ಎಂಬುದೆಲ್ಲ ಕಾಣುತ್ತದೆ. ಆದರೆ ಕಣ್ಣು ಬೆಳೆದಷ್ಟು ಬೇಗ ಕೈ ಬೆಳೆಯುವುದಿಲ್ಲ. ತನ್ನ ತಪ್ಪು ತನಗೆ ಕಾಣುವುದು ಕಲಿಕೆಯ ಲಕ್ಷಣ. ಅದನ್ನೇ ಅವಳು ಅಯೋಗ್ಯತೆ ಎಂದುಕೊಳ್ಳುತ್ತಾಳೆ. ಮೊಬೈಲಿನಲ್ಲಿ ಕಾಣುವುದು ಮುಗಿದ ಚಿತ್ರ ಮಾತ್ರ. ಅದಕ್ಕೂ ಮೊದಲು ಕಸದ ಬುಟ್ಟಿ ಸೇರಿದ ಹಾಳೆಗಳನ್ನು ಯಾರೂ ತೋರಿಸುವುದಿಲ್ಲ.

ಮುಸ್ಲಿಮರ ಕಲಾ ಪರಂಪರೆಯಲ್ಲಿ ಈ ಹಾಳೆಗಳಿಗೆ ಗೌರವದ ಹೆಸರಿದೆ: ಮಶ್ಕ್. ಸುಂದರ ಲಿಪಿ ಕಲಿಯುವವನು ಗುರು ಬರೆದುಕೊಟ್ಟ ಅಕ್ಷರವನ್ನು ಮತ್ತೆ ಮತ್ತೆ ಬರೆಯುತ್ತಾನೆ, ಗುರು ತಿದ್ದುತ್ತಾರೆ, ಮತ್ತೆ ಬರೆಯುತ್ತಾನೆ. ಉಸ್ಮಾನಿ ತುರ್ಕರ ಪದ್ಧತಿಯಲ್ಲಿ ಶಿಷ್ಯನ ಮೊದಲ ಪಾಠವೇ ಒಂದು ದುಆ. ಕೆಲಸವನ್ನು ಹಗುರಗೊಳಿಸೆಂದು ಅಲ್ಲಾಹನಲ್ಲಿ ಮಾಡುವ ಬೇಡಿಕೆ. ದಾರಿ ಕಠಿಣವೆಂದು ಮೊದಲ ದಿನವೇ ಒಪ್ಪಿಕೊಂಡ ಹಾಗಾಯಿತು. ವರ್ಷಗಳ ನಂತರ ಗುರು ಇಜಾಝತ್ ಕೊಟ್ಟ ಮೇಲೆಯೇ ಅವನು ತನ್ನ ಬರಹದ ಕೆಳಗೆ ಸಹಿ ಹಾಕಬಹುದು.

ದೂರ ಹೋಗಬೇಕಿಲ್ಲ. ಬೆಂಗಳೂರಿನ ಲಿಪಿಕಾರ ಮುಖ್ತಾರ್ ಅಹ್ಮದ್‌ರನ್ನು ನೋಡಿ. ಕಂಪ್ಯೂಟರ್ ಬಂದು ಉರ್ದು ಪತ್ರಿಕೆಗಳ ಕಾತಿಬರ ಕೆಲಸ ಕಸಿದುಕೊಂಡ ಕಾಲದಲ್ಲಿ ಅವರು ಲೇಖನಿ ಕೆಳಗಿಡಲಿಲ್ಲ. ನುರಿತವರಾದ ಮೇಲೂ ಗುರುಗಳ ಮುಂದೆ ಶಿಷ್ಯರಾಗಿ ಮತ್ತೆ ಕಲಿತು, 2013ರಲ್ಲಿ ಇಸ್ತಾಂಬುಲ್‌ನಲ್ಲಿ ಇಜಾಝತ್ ಪಡೆದರು. ವಯಸ್ಸಾದ ಕೈಗಳೇ ತಿದ್ದಿಸಿಕೊಳ್ಳಲು ನಾಚದಿರುವಾಗ ಹದಿನೈದರ ಕೈಗೇಕೆ ಅವಸರ?

ಕೆಲವು ಮಕ್ಕಳಿಗೆ ಇನ್ನೊಂದು ಅಳುಕೂ ಇರುತ್ತದೆ: ಚಿತ್ರ ಬಿಡಿಸುವುದೇ ಪಾಪವೇ? ಜೀವಿಗಳ ಚಿತ್ರದ ಬಗ್ಗೆ ಉಲಮಾಗಳ ಚರ್ಚೆ ದೀರ್ಘವಾದುದು, ಕಟ್ಟುನಿಟ್ಟಾದ ಅಭಿಪ್ರಾಯಗಳೂ ಇವೆ. ಆದರೆ ಕೈಕಸುಬೇ ಜೀವನಾಧಾರವೆಂದು ಹೇಳಿಕೊಂಡ ಚಿತ್ರಕಾರನೊಬ್ಬನಿಗೆ ಹಝ್ರತ್ ಇಬ್ನು ಅಬ್ಬಾಸ್(ರ) ಮರಗಳನ್ನೂ ನಿರ್ಜೀವ ವಸ್ತುಗಳನ್ನೂ ಬಿಡಿಸುವಂತೆ ಸೂಚಿಸಿದ್ದು ಸಹೀಹ್ ಬುಖಾರಿಯಲ್ಲಿದೆ. ಅವರು ಬಾಗಿಲು ಮುಚ್ಚಲಿಲ್ಲ, ದಾರಿ ತೋರಿಸಿದರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಮಕ್ಕಳಿಗೆ ಬಿಡಿಸಲು ಮರಗಳ ಕೊರತೆಯೇ?

ಉಂಡೆ ಕೊಬ್ಬರಿ ಮಾಡುವ ನಮ್ಮ ಜನರಿಗೆ ತಾಳ್ಮೆಯ ಪಾಠ ಹೊಸದಲ್ಲ. ಬಲಿತ ಕಾಯಿ ಅಟ್ಟದ ಮೇಲೆ 10–12 ತಿಂಗಳು ಕಾಯಬೇಕು. ನೀರು ಬತ್ತಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು. ಮೂರೇ ತಿಂಗಳಿಗೆ ಒಡೆದು 'ಕೊಬ್ಬರಿ ಆಗಲಿಲ್ಲ' ಎಂದು ಯಾವ ರೈತನೂ ಮರವನ್ನು ದೂರುವುದಿಲ್ಲ.

ತಾಯಿ ತಂದೆಯರೇ, ಮಗು ಬಿಡಿಸಿದ್ದಕ್ಕೆಲ್ಲ 'ಬಹಳ ಚೆನ್ನಾಗಿದೆ' ಎನ್ನಬೇಡಿ, ಅದನ್ನು ಅವರು ನಂಬುವುದಿಲ್ಲ. 'ಈ ಗರಿ ಹೋದ ಸಲಕ್ಕಿಂತ ಸರಿಯಾಗಿ ಬಾಗಿದೆ' ಎನ್ನಿ. ಹಳೆಯ ಹಾಳೆಗಳಿಗೆ ದಿನಾಂಕ ಬರೆಸಿ ಜೋಪಾನವಾಗಿಡಿ, ಆರು ತಿಂಗಳಿಗೊಮ್ಮೆ ಅವನ್ನು ಮಗುವಿನೆದುರು ಹರಡಿ. ಹೋಲಿಕೆ ಬೇಕಾದರೆ ಅವಳ ನಿನ್ನೆಯ ಹಾಳೆಯೊಂದಿಗೇ ಇರಲಿ. ಪರೀಕ್ಷೆಯ ವರ್ಷವಾದರೆ ಅಸರ್ ನಮಾಝಿನ ಬಳಿಕ ಅರ್ಧ ಗಂಟೆ ಸಾಕು. ತಿದ್ದಲು ಶಾಲೆಯ ಡ್ರಾಯಿಂಗ್ ಮೇಷ್ಟ್ರನ್ನು ಕೇಳಿಕೊಳ್ಳಿ.

ಮಕ್ಕಳೇ, ಪ್ರವಾದಿವರ್ಯರಿಗೆ(ಸ) ಮೊದಲು ಅವತೀರ್ಣಗೊಂಡ ಸೂಕ್ತಗಳಲ್ಲೇ ಲೇಖನಿಯ ಪ್ರಸ್ತಾಪವಿದೆ, ಮನುಷ್ಯನಿಗೆ ತಿಳಿಯದ್ದನ್ನು ಕಲಿಸಿದವನು ಅಲ್ಲಾಹನೆಂಬ ಮಾತಿದೆ. ಬಾರದಿರುವುದು ಕಲಿಕೆಯ ಆರಂಭ. ಬಿಸ್ಮಿಲ್ಲಾ ಹೇಳಿ ಪೆನ್ಸಿಲ್ ಹಿಡಿಯಿರಿ.