ಕಲಿಕೋಪಕರಣಗಳ ಪೆಟ್ಟಿಗೆಯಲ್ಲಿ ಚಾಕುವೂ ಇರಲಿ

ನಮ್ಮ ಬೋಧನಾಭ್ಯಾಸದ ಪಾಠಯೋಜನೆಗಳಲ್ಲಿ ಚಾಕು ಎರಡು ಕಡೆ ಮಾತ್ರ ಕಾಣಿಸುತ್ತದೆ. ವಿಜ್ಞಾನದ ಒತ್ತಡದ ಪಾಠದಲ್ಲಿ ಉದಾಹರಣೆಯಾಗಿ, ಸುರಕ್ಷತೆಯ ಪಾಠದಲ್ಲಿ ‘ಮುಟ್ಟಬಾರದ ವಸ್ತುಗಳು’ ಎಂಬ ಪಟ್ಟಿಯಲ್ಲಿ. ಪಾಠವೀಕ್ಷಣೆಗೆಂದು ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಶಾಲೆಗಳಿಗೆ ಹೋಗುವ ನನಗೆ ಈ ಎರಡನೆಯದಕ್ಕೆ ತಕರಾರಿದೆ. ಆ ಪಟ್ಟಿಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಮಕ್ಕಳಲ್ಲಿ ಹಲವರು ಅವತ್ತು ಮುಂಜಾನೆಯೇ ಅದನ್ನು ಮುಟ್ಟಿ ಬಂದಿರುತ್ತಾರೆ.

ಆರನೆಯ ತರಗತಿಯಲ್ಲಿ ಒಮ್ಮೆ ಕೇಳಿ ನೋಡಿ: ನಿಮ್ಮ ಮನೆಯಲ್ಲಿ ಹರಿತವಾದದ್ದು ಏನೇನಿದೆ? ಫಲಕ ಸಾಲುವುದಿಲ್ಲ. ಈಳಗಿ, ಕುಡಗೋಲು, ಕೊಡ್ಲಿ, ಶೇವಿಂಗ್ ಬ್ಲೇಡು, ಹಣ್ಣಿನ ಚಾಕು, ಮುರಿದ ಆಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ಅಪ್ಪ ಮಾಡಿದ ಚಾಕು. ಸಿಂಧನೂರು ತಾಲ್ಲೂಕಿನಲ್ಲಾದರೆ ಇನ್ನೊಂದು ಲಾಭವಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಹಿಂದೆಯೇ ಬಂದ ಆಂಧ್ರದ ರೈತರ ಕ್ಯಾಂಪುಗಳಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ನೆಲೆಸಿದ ಆರ್.ಎಚ್. ಕ್ಯಾಂಪುಗಳಿವೆ. ನಮ್ಮ ಈಳಗಿಯನ್ನೇ ತೆಲುಗು ಮನೆಯವರು ಕತ್ತಿಪೀಟ ಎನ್ನುತ್ತಾರೆ, ಬಂಗಾಳಿ ಮನೆಯವರು ಬೋಟಿ ಎನ್ನುತ್ತಾರೆ. ಮೂರೂ ಮನೆಗಳಲ್ಲಿ ಅಲಗು ನಿಂತಿರುತ್ತದೆ, ಕಾಯಿಪಲ್ಯ ಅದರ ಬಳಿಗೆ ಹೋಗುತ್ತದೆ. ಪರಿಸರ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಚಟುವಟಿಕೆ ಅಂಗಡಿಯಲ್ಲಿ ಸಿಗುವ ಚಾರ್ಟಿನಲ್ಲಿ ಇರುವುದಿಲ್ಲ.

ಅದೇ ತರಗತಿಯಲ್ಲಿ ಎರಡನೆಯ ಪ್ರಶ್ನೆ ಕೇಳಿ: ಇದನ್ನು ಯಾರು ಬಳಸುತ್ತೀರಿ? ಕೈ ಎತ್ತುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಒಬ್ಬ ಹುಡುಗಿ ಹೇಳಿದ್ದು ನೆನಪಿದೆ: “ಅವ್ವ ನಸಿಕಿನ್ಯಾಗ ಹತ್ತಿ ಬಿಡಸಾಕ ಹೊಕ್ಕಾಳ್ರಿ ಸರ್, ಉಳ್ಳಾಗಡ್ಡಿ ನಾನ ಹೆಚ್ತೀನಿ.” ಹಿಂದಿನ ಬೆಂಚಿನ ಹುಡುಗರು ನಕ್ಕರು. ನಗುವವರಿಗೆ ಒಂದು ಉಳ್ಳಾಗಡ್ಡಿ ಸುಲಿಯಲೂ ಬರುವುದಿಲ್ಲ ಎಂಬುದು ಆ ಹುಡುಗಿಗೂ ಗೊತ್ತಿತ್ತು. ಅವಳ ಎಡಗೈ ಹೆಬ್ಬೆರಳಿಗೆ ಬಟ್ಟೆಯ ಪಟ್ಟಿ ಇತ್ತು. ಯಾರೂ ಕಲಿಸದೆ ಕಲಿತ ಕೆಲಸದ ಗುರುತು ಅದು. ‘ಮುಟ್ಟಬೇಡ’ ಎನ್ನುವ ಪಾಠದಿಂದ ಅವಳಿಗೆ ಏನೂ ಸಿಗಲಿಲ್ಲ, ಆ ಹುಡುಗರಿಗೂ ಸಿಗಲಿಲ್ಲ.

ಮಸ್ಕಿಯ ಮಕ್ಕಳಿಗೆ ಅಶೋಕನ ಶಾಸನ ಗೊತ್ತು. 1915ರಲ್ಲಿ ಅದು ಸಿಕ್ಕ ಕಥೆಯನ್ನು ಬಾಯಿಪಾಠ ಹೇಳುತ್ತಾರೆ. ಅದೇ ಊರಿನಲ್ಲಿ 1954ರಲ್ಲಿ ಪುರಾತತ್ವ ಇಲಾಖೆಯ ಬಿ.ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ಅಶೋಕನಿಗಿಂತ ಎಷ್ಟೋ ಹಿಂದಿನ ತಾಮ್ರಶಿಲಾಯುಗದ ಕಲ್ಲಿನ ಸಣ್ಣ ಅಲಗುಗಳು ಸಿಕ್ಕಿದ್ದು ಮಾತ್ರ ಪಾಠದಲ್ಲಿ ಬರುವುದಿಲ್ಲ. ಅಂಥ ಅಲಗುಗಳನ್ನು ಮರದ ಅಥವಾ ಎಲುಬಿನ ಹಿಡಿಗೆ ಸಾಲಾಗಿ ಕೂಡಿಸಿ ಬಳಸುವುದು ಆ ಕಾಲದ ಪದ್ಧತಿ. ಒಂದು ತುಂಡು ಮೊಂಡಾದರೆ ಹಿಡಿ ಎಸೆಯಬೇಕಿಲ್ಲ, ಅದೊಂದನ್ನೇ ಬದಲಿಸಿದರೆ ಆಯಿತು. ಮುಂದಿನ ಮಾತಿಗೆ ಬೇಕಾದದ್ದು ಇದು. ಇಂದು ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಗೆರೆ ಕೊರೆದ ಬ್ಲೇಡಿನ ಕಟರ್ ಹುಟ್ಟಿದ್ದು 1956ರಲ್ಲಿ, ಜಪಾನಿನಲ್ಲಿ. ಯೋಶಿಯೋ ಒಕಾಡಾ ಎಂಬುವರು ಚಾಕೊಲೇಟ್ ಬಿಲ್ಲೆ ಗೆರೆಗೆ ಸರಿಯಾಗಿ ಮುರಿಯುವುದನ್ನೂ, ಚಮ್ಮಾರರು ಗಾಜಿನ ಚೂರಿನಿಂದ ಚಪ್ಪಲಿಯ ಅಟ್ಟೆ ಕೆತ್ತುವುದನ್ನೂ ನೆನೆದು ಅದನ್ನು ಮಾಡಿದರು. ಮೊಂಡಾದ ತುದಿ ಮುರಿದರೆ ಹೊಸ ಅಂಚು ಸಿದ್ಧ. ಮಸ್ಕಿಯ ಅಲಗು ಒಂದು ಕೈಯಲ್ಲಿ, ಕಟರ್ ಇನ್ನೊಂದು ಕೈಯಲ್ಲಿ ಹಿಡಿದಂತೆ ಚಿತ್ರ ಬಿಡಿಸಿ ಸಮಾಜ ವಿಜ್ಞಾನದ ಪಾಠ ಆರಂಭಿಸುವ ಪ್ರಶಿಕ್ಷಣಾರ್ಥಿಗಾಗಿ ನಾನು ಇನ್ನೂ ಕಾಯುತ್ತಿದ್ದೇನೆ.

ವಿಜ್ಞಾನದವರಿಗೂ ಒಂದು ಮಾತು. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಬರೆಸಿ ನಿಲ್ಲಬೇಡಿ, ಲೆಕ್ಕ ಮಾಡಿಸಿ. 100 ಮಿ.ಮೀ. ಉದ್ದದ ಅಲಗಿನ ಅಂಚು 0.1 ಮಿ.ಮೀ. ದಪ್ಪವಿದ್ದರೆ ತಾಗುವ ಜಾಗ 10 ಚದರ ಮಿ.ಮೀ. ಅದನ್ನೇ ಮಸೆದು 0.01 ಮಿ.ಮೀ.ಗೆ ತಂದರೆ 1 ಚದರ ಮಿ.ಮೀ. ಅದೇ 20 ನ್ಯೂಟನ್ ಬಲಕ್ಕೆ ಒತ್ತಡ ಹತ್ತು ಪಟ್ಟು. ಆಮೇಲೆ ಕೇಳಿ: ಮೊಂಡ ಚಾಕು ಅಪಾಯವೋ, ಹರಿತ ಚಾಕುವೋ? ಮಕ್ಕಳು ಹರಿತದ್ದು ಎನ್ನುತ್ತಾರೆ. ಮೊಂಡ ಚಾಕುವಿಗೆ ಹೆಚ್ಚು ಬಲ ಹಾಕಬೇಕು, ಬಲ ಹೆಚ್ಚಾದಾಗ ಜಾರುತ್ತದೆ, ಜಾರಿದಾಗ ಆ ಬಲವೆಲ್ಲ ಬೆರಳಿಗೆ ಬರುತ್ತದೆ. ಸಾಣೆ ಹಿಡಿಯುವವರು ಊರಿಗೆ ಬಂದಾಗ ತಾಯಂದಿರು ಈಳಗಿ ಹಿಡಿದು ಹೊರಗೆ ಬರುವುದು ಸುಮ್ಮನೆ ಅಲ್ಲ.

ಇನ್ನು ನಮ್ಮದೇ ಮನೆಯ ಸಂಗತಿ. ಬೋಧನಾಭ್ಯಾಸದ ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ರಟ್ಟು, ಥರ್ಮೋಕೋಲ್ ಕೊಯ್ಯುವ ರೀತಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ಅರ್ಧ ಬ್ಲೇಡನ್ನು ಬರಿಗೈಯಲ್ಲಿ ಹಿಡಿದು, ಪ್ಲಾಸ್ಟಿಕ್ ಸ್ಕೇಲು ಒತ್ತಿ, ತೊಡೆಯ ಮೇಲೆ ಇಟ್ಟು ತಮ್ಮ ಕಡೆಗೇ ಎಳೆಯುತ್ತಾರೆ. ಪ್ಲಾಸ್ಟಿಕ್ ಸ್ಕೇಲಿನ ಅಂಚನ್ನು ಬ್ಲೇಡು ಹತ್ತಿ ಬರುತ್ತದೆ. ಉಕ್ಕಿನ ಸ್ಕೇಲೇ ಬೇಕು. ಕೆಳಗೆ ಹಳೆಯ ರಟ್ಟು ಇರಬೇಕು, ಸ್ಕೇಲು ಹಿಡಿದ ಬೆರಳುಗಳು ಕೊಯ್ಯುವ ಗೆರೆಯಿಂದ ದೂರ ಇರಬೇಕು. ದಪ್ಪ ರಟ್ಟನ್ನು ಒಂದೇ ಏಟಿಗೆ ಕೊಯ್ಯಬಾರದು, ಹಗುರಾಗಿ ಮೂರು ನಾಲ್ಕು ಸಲ ಎಳೆಯಬೇಕು. ಕಟರ್‌ನ ಒಂದೆರಡು ಗೆರೆಯಷ್ಟು ಬ್ಲೇಡು ಹೊರಗಿದ್ದರೆ ಸಾಕು. ಕೈಯಿಂದ ಜಾರಿದ ಚಾಕುವನ್ನು ಹಿಡಿಯಲು ಹೋಗದೆ ಕಾಲು ಸರಿಸಬೇಕು. ಮುರಿದ ತುಂಡುಗಳನ್ನು ಖಾಲಿ ಮಾತ್ರೆ ಡಬ್ಬಿಯಲ್ಲಿ ಹಾಕಿ ಮುಚ್ಚಬೇಕು. ಕಸದ ಬುಟ್ಟಿಗೆ ಹಾಗೇ ಎಸೆದರೆ ಅದು ಸಿಗುವುದು ಪೌರಕಾರ್ಮಿಕರ ಬೆರಳಿಗೆ. ಗಾಯವಾದರೆ ಹರಿಯುವ ನೀರಿನಲ್ಲಿ ತೊಳೆದು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯುವುದು ಮೊದಲು. ಅರಿಶಿನ, ಕಾಫಿಪುಡಿ ಮೆತ್ತುವುದು ಬೇಡ. ಧನುರ್ವಾಯು ತಡೆಯುವ ಟಿ.ಡಿ. ಲಸಿಕೆ 10 ಮತ್ತು 16ನೆಯ ವಯಸ್ಸಿನಲ್ಲಿ ಸರ್ಕಾರವೇ ಹಾಕಿಸುತ್ತದೆ ಎಂಬುದನ್ನು ಅದೇ ಪಾಠದಲ್ಲಿ ಹೇಳಿಬಿಡಬಹುದು.

ಮುಖ್ಯಶಿಕ್ಷಕರ ಆತಂಕ ನನಗೆ ಅರ್ಥವಾಗುತ್ತದೆ. ಶಾಲೆಗೆ ಚಾಕು ಬಂದರೆ ಜಗಳಕ್ಕೂ ಬರುತ್ತದೆ, ಪಾಲಕರು ಬಂದು ಕೇಳುತ್ತಾರೆ, ಉತ್ತರ ಕೊಡಬೇಕಾದವರು ಅವರೇ. ಕಾನೂನಿನ ಹೆದರಿಕೆ ಹಾಕುವವರೂ ಉಂಟು. ಆದರೆ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳ ಮಾತಾಡುವಾಗಲೂ ಮನೆ, ಕೃಷಿ, ಕೈಗಾರಿಕೆಯ ಉಪಕರಣಗಳನ್ನು ಹೊರಗಿಟ್ಟಿದೆ. ಹಾಗೆಂದು ಮಕ್ಕಳ ಚೀಲದಲ್ಲಿ ಚಾಕು ಬರಲಿ ಎಂದು ನಾನು ಹೇಳುತ್ತಿಲ್ಲ. ಅದು ಖಂಡಿತ ಬೇಡ. ಉಪಕರಣ ಶಿಕ್ಷಕರ ಬೀಗದಲ್ಲಿರಲಿ, ಎಣಿಸಿ ಕೊಡಲಿ, ಎಣಿಸಿ ಮರಳಿ ಪಡೆಯಲಿ. ಐದನೆಯ ತರಗತಿಯವರೆಗೆ ಮೊಂಡ ತುದಿಯ ಕತ್ತರಿ ಸಾಕು. ಆರರಿಂದ ಎಂಟರವರಿಗೆ ಕಟರ್, ಅದೂ ಒಮ್ಮೆಗೆ ನಾಲ್ಕೈದು ಮಕ್ಕಳಿಗೆ, ಕಣ್ಣೆದುರಿಗೆ. ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬರೇ ಶಿಕ್ಷಕರಿದ್ದರೆ ಮಾಡಲೇಬೇಡಿ.

ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಕೈಕೆಲಸದ ಮೂಲಕ ಶಿಕ್ಷಣ ಎಂದದ್ದನ್ನು ನಾವು ಶಿಕ್ಷಣದ ತಾತ್ವಿಕ ಆಧಾರಗಳ ಪತ್ರಿಕೆಯಲ್ಲಿ ಹತ್ತು ಅಂಕಕ್ಕೆ ಬರೆಸುತ್ತೇವೆ. 2020ರ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯವರಿಗೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲು ಹತ್ತು ಚೀಲರಹಿತ ದಿನಗಳನ್ನು ಹೇಳಿದೆ. ಬಡಗಿಯ ಬಳಿ ಹೋದ ಮಗು ಉಳಿ ಮುಟ್ಟದೆ ಬರುವುದಾದರೆ ಹೋಗುವುದೇಕೆ? ನಮ್ಮ ವೀಕ್ಷಣಾ ನಮೂನೆಯಲ್ಲಿ ಕಲಿಕೋಪಕರಣದ ‘ಬಳಕೆ’ಗೆ ಅಂಕವಿದೆ, ಅದನ್ನು ಮಾಡಿದ ರೀತಿಗೆ ಇಲ್ಲ. ಹೀಗಾಗಿ ಅಂಗಡಿಯ ಚಾರ್ಟಿಗೂ ರಾತ್ರಿಯಿಡೀ ಕೂತು ಮಾಡಿದ ಮಾದರಿಗೂ ಒಂದೇ ಅಂಕ.

ಮುಂದಿನ ತಂಡದ ಬೋಧನಾಭ್ಯಾಸಕ್ಕೆ ಮುನ್ನ ಒಂದು ಅಪರಾಹ್ನ ಇದಕ್ಕೆ ಕೊಡಬೇಕೆಂದು ಸಿಬ್ಬಂದಿ ಸಭೆಯಲ್ಲಿ ಕೇಳಲಿದ್ದೇನೆ. ಬೇಕಾಗುವುದು ಆರು ಕಟರ್, ಆರು ಉಕ್ಕಿನ ಸ್ಕೇಲು, ಹಳೆಯ ರಟ್ಟು, ಎರಡು ಈಳಗಿ ಮತ್ತು ಎರಡು ಕಿಲೋ ಉಳ್ಳಾಗಡ್ಡಿ. ಈಳಗಿಯ ಮುಂದೆ ಮೊದಲು ಕೂರುವವರು ಪುರುಷ ಪ್ರಶಿಕ್ಷಣಾರ್ಥಿಗಳು.