ನಡತೆ: ತೃಪ್ತಿಕರ

ಶಾಲೆ ಬಿಡುವ ಪ್ರತಿ ಮಗುವಿನ ಕೈಗೂ ಒಂದು ವರ್ಗಾವಣೆ ಪತ್ರ ಸಿಗುತ್ತದೆ. ಜನರ ಬಾಯಲ್ಲಿ ಅದು ಟಿ.ಸಿ. ಹುಟ್ಟಿದ ತಾರೀಖು, ತಂದೆಯ ಹೆಸರು, ದಾಖಲಾತಿ ಸಂಖ್ಯೆ ಎಲ್ಲ ಬರೆದಾದ ಮೇಲೆ ‘ಗುಣ ಮತ್ತು ನಡತೆ’ ಎಂಬ ಒಂದು ಸಾಲು ಬರುತ್ತದೆ. ಗುಮಾಸ್ತರು ಅಲ್ಲಿ ತಡವರಿಸುವುದಿಲ್ಲ. ತಲೆ ಎತ್ತದೆಯೇ ‘ತೃಪ್ತಿಕರ’ ಎಂದು ಬರೆದು ಮುಂದಕ್ಕೆ ಹೋಗುತ್ತಾರೆ. ವರ್ಷಗಟ್ಟಲೆ ಬೆಂಚಿನ ಮೇಲೆ ಕುಳಿತು, ಜಗಳವಾಡಿ, ಬುತ್ತಿ ಹಂಚಿಕೊಂಡು, ಒಮ್ಮೆ ಸುಳ್ಳು ಹೇಳಿ ಮತ್ತೊಮ್ಮೆ ನಿಜ ಹೇಳಿ ಬೆಳೆದ ಜೀವದ ವಿಚಾರ ಒಂದೇ ಪದದಲ್ಲಿ ಮುಗಿಯಿತು.

ಅದೂ ಒಂದು ರೀತಿಯಲ್ಲಿ ಒಳ್ಳೆಯದೇ. ಏಕೆಂದರೆ ಬೇರೆ ಪದ ಬರೆಯುವವರು ತುಂಬ ಅವಸರ ಮಾಡುತ್ತಾರೆ. ಏಳನೆಯ ತರಗತಿಯಲ್ಲಿ ಒಮ್ಮೆ ಚೀಟಿ ಇಟ್ಟುಕೊಂಡು ಸಿಕ್ಕಿಬಿದ್ದ ಹುಡುಗನನ್ನು ನೆನೆಸಿಕೊಳ್ಳಿ. ಅಂಥವನು ಪ್ರತಿ ಊರಿನಲ್ಲೂ ಇರುತ್ತಾನೆ. ಅಂದಿನಿಂದ ಯಾರ ಪೆನ್ನು ಕಳೆದರೂ ಎಲ್ಲರ ಕಣ್ಣು ಅವನ ಚೀಲದ ಕಡೆಗೇ. ಚೀಟಿ ಇಟ್ಟವನು ಪೆನ್ನನ್ನೂ ಕದ್ದಾನು ಎಂಬುದು ತರ್ಕ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹಿರಿಯರು ಅದಕ್ಕೆ ಮುದ್ರೆಯೊತ್ತುತ್ತಾರೆ. ಅದೇ ಹಿರಿಯರು ಮಾರನೆಯ ದಿನ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಮೇಷ್ಟ್ರಿಗೆ ಬುದ್ಧಿ ಹೇಳುತ್ತಾರೆ. ಹುಟ್ಟಿನಿಂದಲೇ ಬಂದದ್ದಾದರೆ ಬಗ್ಗಿಸುವುದು ಏನನ್ನು? ಈ ಎರಡು ಗಾದೆಗಳ ಜಗಳವನ್ನು ಯಾರೂ ಬಿಡಿಸಿದಂತೆ ಕಾಣುವುದಿಲ್ಲ.

ಬಿಡಿಸಲು ಒಂದು ಪ್ರಯತ್ನವೇನೋ ನಡೆದಿದೆ. 1920ರ ದಶಕದಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಹ್ಯೂ ಹಾರ್ಟ್‌ಶೋರ್ನ್ ಮತ್ತು ಮಾರ್ಕ್ ಮೇ ಎಂಬ ಇಬ್ಬರು ವಿದ್ವಾಂಸರು ಶೀಲವನ್ನು ಅಳೆಯಲು ಹೊರಟರು. ಎಂಟರಿಂದ ಹದಿನಾರು ವರ್ಷದ, ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಅವರ ಪರೀಕ್ಷೆಗೆ ಒಳಗಾದರು. ‘ನೀನು ಪ್ರಾಮಾಣಿಕನೇ?’ ಎಂದು ಅವರು ಕೇಳಿಕೊಂಡು ಕೂರಲಿಲ್ಲ. ಮೋಸ ಮಾಡಲು ಅವಕಾಶ ಕೊಟ್ಟು, ನೋಡದವರಂತೆ ನಟಿಸಿ, ಏನಾಗುತ್ತದೆಂದು ನೋಡಿದರು.

ಅವರ ಉಪಾಯಗಳು ಸೊಗಸಾಗಿದ್ದವು. ಮಕ್ಕಳ ಉತ್ತರ ಪತ್ರಿಕೆಗಳನ್ನು ಸಂಗ್ರಹಿಸಿ, ಗುಟ್ಟಾಗಿ ನಕಲು ಮಾಡಿಟ್ಟುಕೊಂಡು, ಆಮೇಲೆ ಪತ್ರಿಕೆಗಳನ್ನು ಸರಿಯುತ್ತರಗಳ ಪಟ್ಟಿಯೊಂದಿಗೆ ಹಿಂದಿರುಗಿಸಿ, ‘ನೀವೇ ತಿದ್ದಿಕೊಳ್ಳಿ’ ಎನ್ನುವುದು ಒಂದು. ಉತ್ತರ ಬದಲಾಯಿಸಿದವರು ಯಾರೆಂಬುದು ನಕಲಿನಿಂದ ತಿಳಿಯುತ್ತಿತ್ತು. ಇನ್ನೊಂದು, ಕಣ್ಣು ಮುಚ್ಚಿ ಪುಟ್ಟ ಪುಟ್ಟ ವೃತ್ತಗಳೊಳಗೆ ಗುರುತು ಹಾಕುವುದು. ನಿಜವಾಗಿ ಕಣ್ಣು ಮುಚ್ಚಿದರೆ ಅದು ಹೆಚ್ಚುಕಡಿಮೆ ಅಸಾಧ್ಯ. ಆದ್ದರಿಂದ ಎಲ್ಲ ವೃತ್ತಗಳಿಗೂ ಗುರಿಯಿಟ್ಟ ಮಗು ಕಣ್ಣು ತೆರೆದಿದೆ ಎಂದೇ ಅರ್ಥ! ನಾಣ್ಯಗಳಿದ್ದ ಪೆಟ್ಟಿಗೆ ಕೊಟ್ಟು ಆಟವಾಡಿಸಿ, ಪೆಟ್ಟಿಗೆಯನ್ನು ತಾವೇ ವಾಪಸು ಇಡಲು ಹೇಳುವುದು ಮತ್ತೊಂದು. (ಮಕ್ಕಳನ್ನು ಪರೀಕ್ಷಿಸಲು ದೊಡ್ಡವರು ಮೋಸ ಮಾಡಿದ್ದು ಸರಿಯೇ ಎಂಬ ಪ್ರಶ್ನೆ ಉಳಿದೇ ಇದೆ.)

1928ರಿಂದ 1930ರವರೆಗೆ ಮೂರು ಸಂಪುಟಗಳಲ್ಲಿ ಫಲಿತಾಂಶ ಹೊರಬಂದಾಗ ಬೋಧನೆಯನ್ನೇ ನಂಬಿದ್ದವರಿಗೆ ಇರಿಸುಮುರಿಸಾಯಿತು. ಎಲ್ಲ ಕಡೆಯೂ ಮೋಸ ಮಾಡಿದ ಮಕ್ಕಳು ಕೆಲವೇ ಮಂದಿ. ಎಲ್ಲಿಯೂ ಮಾಡದವರೂ ಕೆಲವೇ ಮಂದಿ. ಉಳಿದ ಬಹುಪಾಲು ಮಕ್ಕಳು ಒಂದು ಕಡೆ ಕದ್ದು ನೋಡಿ, ಇನ್ನೊಂದು ಕಡೆ ನೆಟ್ಟಗಿದ್ದರು. ಉತ್ತರ ತಿದ್ದಿದ ಮಗು ಪೆಟ್ಟಿಗೆಯ ನಾಣ್ಯ ಮುಟ್ಟದೆ ಹೋಗಬಹುದು. ಎರಡಕ್ಕೂ ಸಂಬಂಧ ಇತ್ತು, ಆದರೆ ತೀರಾ ದುರ್ಬಲ. ಸರಿ ತಪ್ಪು ಯಾವುದೆಂದು ಬಾಯಲ್ಲಿ ಹೇಳಬಲ್ಲ ಮಗು ಹಾಗೆಯೇ ನಡೆಯುತ್ತದೆಂಬ ಖಾತ್ರಿಯೂ ಇರಲಿಲ್ಲ. ಒಳ್ಳೆಯ ನಡತೆ ಕಲಿಸಲೆಂದೇ ಇದ್ದ ಸಂಘಗಳ ಸದಸ್ಯರಾಗಿದ್ದ ಮಕ್ಕಳು ಇತರರಿಗಿಂತ ಹೆಚ್ಚು ಪ್ರಾಮಾಣಿಕರೆಂದು ಕಂಡುಬರಲಿಲ್ಲ.

ಹಾಗಾದರೆ ಶೀಲ ಎಂಬುದೇ ಇಲ್ಲವೆ? ಕೆಲವರು ಹಾಗೆಂದೇ ಹೊರಟರು. ಆದರೆ 1963ರಲ್ಲಿ ರೋಜರ್ ಬರ್ಟನ್ ಎಂಬ ಮನೋವಿಜ್ಞಾನಿ ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ, ಎಲ್ಲ ಪರೀಕ್ಷೆಗಳ ಹಿಂದೆಯೂ ಹರಿಯುವ ಒಂದು ಸಣ್ಣ ಎಳೆ ಇದೆಯೆಂದು ತೋರಿಸಿದರು. ಒಂದೇ ಪರೀಕ್ಷೆಯಿಂದ ಅದು ಕಾಣುವುದಿಲ್ಲ. ಹಲವನ್ನು ಒಟ್ಟಿಗೆ ಕೂಡಿಸಿದಾಗ ಕಾಣುತ್ತದೆ. ವಿಜ್ಞಾನದ ವಿದ್ಯಾರ್ಥಿಗೆ ಇದು ಹೊಸತಲ್ಲ. ಲೋಲಕದ ಒಂದೇ ಆಂದೋಲನದ ಕಾಲವನ್ನು ಯಾರೂ ಅಳೆಯುವುದಿಲ್ಲ, ಇಪ್ಪತ್ತನ್ನು ಅಳೆದು ಭಾಗಿಸುತ್ತಾರೆ. ಒಂದು ಚೀಟಿಯಿಂದ ಹುಡುಗನನ್ನು ಅಳೆದವರು ಮಾತ್ರ ಒಂದೇ ಆಂದೋಲನಕ್ಕೆ ತೃಪ್ತರು.

ಆ ಸಂಪುಟಗಳಲ್ಲಿ ಇನ್ನೊಂದು ಸಂಗತಿ ಇತ್ತು. ಶಾಲೆಯಿಂದ ಶಾಲೆಗೆ, ಅಷ್ಟೇ ಏಕೆ, ತರಗತಿಯಿಂದ ತರಗತಿಗೆ ಮೋಸದ ಪ್ರಮಾಣದಲ್ಲಿ ವ್ಯತ್ಯಾಸವಿತ್ತು. ಮೇಷ್ಟ್ರಿಗೂ ಮಕ್ಕಳಿಗೂ ಸಲುಗೆ, ವಿಶ್ವಾಸ ಇದ್ದ ಕಡೆ ಮೋಸ ಕಡಿಮೆ. ಎಂದರೆ ಪ್ರಶ್ನೆ ಹುಡುಗನ ಚೀಲದಿಂದ ಎದ್ದು ಮೇಷ್ಟ್ರ ಮೇಜಿನ ಮೇಲೆ ಬಂದು ಕುಳಿತಿತು.

ಇದನ್ನು ಕಾಣಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ, ಹತ್ತಿರದ ಭೌತಶಾಸ್ತ್ರದ ಪ್ರಯೋಗಶಾಲೆಗೆ ಹೋದರೆ ಸಾಕು. ಅದೇ ಸರಳ ಲೋಲಕ, ಉದ್ದ 100 ಸೆಂಟಿಮೀಟರು. ಗುರುತ್ವ ವೇಗೋತ್ಕರ್ಷ 980 ಬರಬೇಕೆಂದು ಎಲ್ಲರಿಗೂ ಗೊತ್ತು. ಆದ್ದರಿಂದ ಎಷ್ಟೋ ಕಡೆ ಲೆಕ್ಕ ಹಿಂದುಮುಂದಾಗಿ ನಡೆಯುತ್ತದೆ: ಮೊದಲು ಉತ್ತರ, ಆಮೇಲೆ ರೀಡಿಂಗು! ಇಪ್ಪತ್ತು ಆಂದೋಲನಕ್ಕೆ 40.1 ಸೆಕೆಂಡು ಎಂದು ಬರೆದರೆ ಲೆಕ್ಕ ಹೊಂದುತ್ತದೆ, ರೆಕಾರ್ಡಿಗೆ ಸಹಿ ಬೀಳುತ್ತದೆ. ಹಾಗೆ ಬರೆಯುವವರು ಕೆಟ್ಟ ಮಕ್ಕಳೇನಲ್ಲ. 980ಕ್ಕೆ ಅಂಕ, ಉಳಿದದ್ದಕ್ಕೆ ಕೆಂಪು ಗೆರೆ ಎಂದು ಅವರಿಗೆ ವರ್ಷಾರಂಭದಲ್ಲೇ ತಿಳಿದಿರುತ್ತದೆ. ಸುಳ್ಳು ಬರೆಯುವುದನ್ನು ಅವರಿಗೆ ಕಲಿಸಿದ್ದು ಆ ಗೆರೆ. ಗೋಡೆಯ ಮೇಲಿನ ‘ಸತ್ಯಮೇವ ಜಯತೇ’ ಅದರ ಮುಂದೆ ಏನು ಮಾಡೀತು?

ಒಬ್ಬ ಹುಡುಗ ತನಗೆ ಬಂದದ್ದನ್ನೇ ಬರೆದನೆಂದು ಇಟ್ಟುಕೊಳ್ಳಿ. 38.2 ಸೆಕೆಂಡು, ಲೆಕ್ಕ ಮಾಡಿದರೆ 1082. ಪಕ್ಕದವರು ನಗುತ್ತಾರೆ. ಇಲ್ಲಿ ಮೇಷ್ಟ್ರು ಎರಡು ಕೆಲಸಗಳಲ್ಲಿ ಒಂದನ್ನು ಮಾಡಬಹುದು. ‘ಏನಪ್ಪಾ ಇದು, ಭೂಮಿ ಬಿಟ್ಟು ಬೇರೆ ಗ್ರಹದಲ್ಲಿ ಅಳೆದೆಯಾ?’ ಎಂದರೆ ತರಗತಿ ನಗುತ್ತದೆ, ಹುಡುಗ ಮುಂದಿನ ಸಲ ಪಕ್ಕದವನ ಪುಸ್ತಕ ನೋಡಿ ಬರೆಯುತ್ತಾನೆ. ಅದರ ಬದಲು, ‘ಬಂದದ್ದನ್ನೇ ಬರೆದಿದ್ದೀಯ, ಒಳ್ಳೆಯದು. ಹೇಗೆ ಎಣಿಸಿದೆ, ಒಮ್ಮೆ ತೋರಿಸು’ ಎಂದರೆ?

ಹುಡುಗ ಗುಂಡನ್ನು ಬಿಟ್ಟು, ಸ್ಟಾಪ್‌ವಾಚಿನ ಗುಂಡಿ ಒತ್ತುತ್ತಲೇ ‘ಒಂದು’ ಎನ್ನುತ್ತಾನೆ. ಗುಟ್ಟು ಅಲ್ಲಿದೆ. ಗುಂಡಿ ಒತ್ತುವಾಗ ‘ಒಂದು’ ಎಂದವನು ‘ಇಪ್ಪತ್ತು’ ಎನ್ನುವ ಹೊತ್ತಿಗೆ ಲೋಲಕ ಹತ್ತೊಂಬತ್ತೇ ಸಲ ಆಡಿರುತ್ತದೆ. ಮೇಷ್ಟ್ರು ಹೇಳುವ ಮೊದಲೇ ಅದು ಹುಡುಗನಿಗೇ ಹೊಳೆಯುತ್ತದೆ, ಮುಖ ಅರಳುತ್ತದೆ. 40.1 ಎಂದು ಬರೆದು ಸಹಿ ಹಾಕಿಸಿಕೊಂಡವರಲ್ಲೂ ಎಷ್ಟು ಮಂದಿ ಹಾಗೆಯೇ ಎಣಿಸಿದ್ದರೋ, ಅವರಿಗದು ಗೊತ್ತಾಗುವ ದಾರಿಯೇ ಇಲ್ಲ.

ಹುಡುಗ ಗುಂಡನ್ನು ಮತ್ತೆ ಎಳೆದು ಬಿಟ್ಟು, ಈ ಸಲ ‘ಸೊನ್ನೆ’ ಎಂದು ಎಣಿಕೆ ಶುರುಮಾಡುತ್ತಾನೆ. 40.2 ಸೆಕೆಂಡು. ರೆಕಾರ್ಡಿನಲ್ಲಿ 1082ನ್ನು ಅಳಿಸದೆ, ಅದರ ಕೆಳಗೆ 977 ಎಂದು ಬರೆಯುತ್ತಾನೆ.