ಹರಾಜಿನ ಬೆಲೆ ಕಲೆಯ ಅಳತೆಗೋಲಲ್ಲ

ಹೆಂಗಸರು ಅಷ್ಟೇನೂ ಚೆನ್ನಾಗಿ ಚಿತ್ರ ಬರೆಯುವುದಿಲ್ಲ, ಮಾರುಕಟ್ಟೆಯೇ ಅದಕ್ಕೆ ಸಾಕ್ಷಿ ಎಂದು ಜರ್ಮನ್ ಚಿತ್ರಕಾರ ಗೇಯೋರ್ಗ್ ಬಾಸೆಲಿಟ್ಸ್ 2013ರಲ್ಲಿ ‘ಡೆರ್ ಶ್ಪೀಗಲ್’ ಪತ್ರಿಕೆಗೆ ಹೇಳಿದ ಮಾತು ಇತಿಹಾಸದ ಮುಂದೆ ನಿಲ್ಲುವುದಿಲ್ಲ. ಯುರೋಪಿನ ಚಿತ್ರಕಲೆಗೆ ಶತಮಾನಗಳ ಕಾಲ ನಗ್ನ ಮಾದರಿಯ ಅಭ್ಯಾಸವೇ ಅಡಿಪಾಯವಾಗಿತ್ತು. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಆ ತರಗತಿಯ ಬಾಗಿಲು 1890ರ ದಶಕದವರೆಗೂ ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್ ಅವರನ್ನು ಸೇರಿಸಿಕೊಂಡದ್ದು 1897ರಲ್ಲಿ. ಕಲಿಕೆಯನ್ನೇ ತಡೆದು, ಆಮೇಲೆ ಪ್ರತಿಭೆಯಿಲ್ಲ ಎನ್ನುವುದು ಅನ್ಯಾಯ. ಕಲಾ ಇತಿಹಾಸಕಾರ್ತಿ ಲಿಂಡಾ ನಾಕ್ಲಿನ್ 1971ರಲ್ಲೇ ಇದನ್ನು ಬಿಡಿಸಿ ತೋರಿಸಿದ್ದರು.

ಬೆಲೆಯಾಚೆಗೂ ಚಿತ್ರಕ್ಕೊಂದು ಉದ್ದೇಶವಿದೆ ಎಂಬುದಕ್ಕೆ ಲಿಸ್ಬನ್ನಿನಲ್ಲಿ ಹುಟ್ಟಿದ ಪೌಲಾ ರೇಗೊ ಅವರ ಕೃತಿಗಳೇ ಪುರಾವೆ. ಗರ್ಭಪಾತದ ಕಾನೂನನ್ನು ಸಡಿಲಿಸುವ ಪ್ರಸ್ತಾಪ 1998ರಲ್ಲಿ ಪೋರ್ಚುಗಲ್ಲಿನ ಜನಮತಗಣನೆಯಲ್ಲಿ ಬಿದ್ದುಹೋಯಿತು. ಸಿಟ್ಟಿಗೆದ್ದ ರೇಗೊ ಪ್ಯಾಸ್ಟೆಲ್ ಚಿತ್ರಗಳ ಸರಣಿಯೊಂದಕ್ಕೆ ಕೈಹಚ್ಚಿದರು. ಕದ್ದುಮುಚ್ಚಿ ಗರ್ಭ ತೆಗೆಸಿಕೊಂಡ ಹೆಂಗಸರೇ ಅದರ ವಸ್ತು: ಶಾಲೆಯ ಸಮವಸ್ತ್ರದಲ್ಲಿರುವ ಹುಡುಗಿ, ಪಕ್ಕದಲ್ಲೊಂದು ಬಕೆಟ್, ನೋವಿಗೆ ಮುದುಡಿದ ಮೈ. ರಕ್ತ ಎಲ್ಲೂ ಕಾಣದು. ಕೆಲವರು ನೋಡುಗರನ್ನು ನೇರವಾಗಿ ದಿಟ್ಟಿಸುತ್ತಾರೆ. ಹಳೆಯ ಚಿತ್ರಗಳಲ್ಲಿ ಮಂಚದ ಮೇಲೆ ಅನ್ಯರ ನೋಟದ ಸುಖಕ್ಕಾಗಿ ಒರಗುತ್ತಿದ್ದ ಹೆಣ್ಣಿನ ಮೈ ಇಲ್ಲಿ ನೋವುಣ್ಣುವ, ನಿರ್ಧಾರ ಮಾಡುವ ಮೈ.

2007ರ ಎರಡನೇ ಜನಮತಗಣನೆಗೆ ಮುನ್ನ ಈ ವಸ್ತುವಿನ ಚಿತ್ರಗಳು ಅಲ್ಲಿನ ಪತ್ರಿಕೆಗಳಲ್ಲಿ ಅಚ್ಚಾದವು. ಅದೇ ವರ್ಷ ಕಾನೂನು ಬದಲಾಯಿತು. ಹರಾಜಿನ ಬೆಲೆ ಕೊಳ್ಳುವವರ ಒಲವನ್ನು ಹೇಳೀತು, ಕಲಾವಿದೆಯ ಕಸುವನ್ನಲ್ಲ. ಬಾಸೆಲಿಟ್ಸ್ ಅವರ ತೀರ್ಪು ತಪ್ಪು.